ವೈ-ಫೈ, ಹೋಂಸ್ಟೇ, ಆರ್‌ಟಿಸಿ: ಬೋರ್ಡು, ಕರಪತ್ರ, ಸುತ್ತೋಲೆಗಳಲ್ಲಿ ತಂತ್ರಜ್ಞಾನದ ಪದಗಳನ್ನು ಬರೆಯುವ ಬಗೆ

ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೊರಟರೆ ರಸ್ತೆಬದಿಯ ಬೋರ್ಡುಗಳಲ್ಲಿ ಒಂದೇ ಮಾತು ನಾಲ್ಕು ವೇಷದಲ್ಲಿ ಎದುರಾಗುತ್ತದೆ: ಹೋಂ ಸ್ಟೇ, ಹೋಮ್ ಸ್ಟೇ, ಹೋಮ್‌ಸ್ಟೇ, ಹೋಂಸ್ಟೇ. ಕೆಳಗಿನ ಇಂಗ್ಲಿಷ್ ಸಾಲಿಗೆ ಬಂದರೆ ವೈ-ಫೈಗೆ ಒಂದೊಂದು ಕಡೆ ಒಂದೊಂದು ಕಾಗುಣಿತ. ಸಹಕಾರ ಸಂಘದ ಮಹಾಸಭೆ ನೋಟಿಸಿನಲ್ಲಿ ‘ಆರ್‌ಟಿಸಿ’ (ಪಹಣಿ) ಹೋಗಿ ‘ಆರ್ಟಿಸಿ’ ಆಗಿರುತ್ತದೆ. ಓದುವವರಿಗೆ ಅರ್ಥವಾಗುತ್ತದೆ ಎನ್ನುವುದು ನಿಜ. ಆದರೆ ಅದೇ ಹೋಂಸ್ಟೇಯ ಬೋರ್ಡು, ಬಿಲ್ಲು, ವಾಟ್ಸಾಪ್ ಸಂದೇಶ ಮೂರರಲ್ಲೂ ಮೂರು ಬಗೆ ಇದ್ದರೆ, ಫೋನಿನಲ್ಲಿ ಹುಡುಕುವ ಅತಿಥಿಗೆ ಸಿಗದೆ ಹೋಗುವುದೂ ಉಂಟು.

ಈ ಮಾರ್ಗದರ್ಶಿ ಹೋಂಸ್ಟೇ ನಡೆಸುವವರಿಗೆ, ಪತ್ತಿನ ಸಹಕಾರ ಸಂಘ ಮತ್ತು ಪಂಚಾಯಿತಿಗಳಲ್ಲಿ ನೋಟಿಸ್ ಬರೆಯುವವರಿಗೆ, ಸಂಘಗಳ ಸ್ಮರಣ ಸಂಚಿಕೆ ತರುವವರಿಗೆ, ಡಿಟಿಪಿ ಅಂಗಡಿಯವರಿಗೆ. ಇಂಗ್ಲಿಷ್ ಸಾಲು, ಕನ್ನಡ ಸಾಲು ಎರಡನ್ನೂ ನೋಡೋಣ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ 60ರಷ್ಟು ಜಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ ಇರಬೇಕು. ಹಾಗಾಗಿ ಈಗ ಎಲ್ಲರ ಬೋರ್ಡೂ ಎರಡು ಭಾಷೆಯದೇ, ತಪ್ಪಿಗೂ ಎರಡೆರಡು ಅವಕಾಶ.

ಮೊದಲು ಒಂದು ಪದಪಟ್ಟಿ

ನಿಮ್ಮಲ್ಲಿ ಈಗಾಗಲೇ ಇರುವ ಬೋರ್ಡಿನ ಫೋಟೊ, ಬಿಲ್ ಪುಸ್ತಕ, ಕರಪತ್ರ, ಅತಿಥಿಗಳಿಗೆ ಕಳಿಸುವ ವಾಟ್ಸಾಪ್ ಸಂದೇಶ, ಹಳೆಯ ನೋಟಿಸ್ ಎಲ್ಲವನ್ನೂ ಎದುರಿಗಿಟ್ಟುಕೊಂಡು ಅವುಗಳಲ್ಲಿರುವ ತಂತ್ರಜ್ಞಾನದ ಪದಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ. ಸಣ್ಣ ವ್ಯವಹಾರಕ್ಕೆ ಒಂದು ಹಾಳೆ ಧಾರಾಳ ಸಾಕು. ಹಾಳೆಯಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದು ಇಂಗ್ಲಿಷ್ ರೂಪ, ಎರಡನೆಯದು ಕನ್ನಡ ರೂಪ, ಮೂರನೆಯದು ಅದೇ ಕನ್ನಡ ಪದ ಪ್ರತ್ಯಯ ಸೇರಿದಾಗ ಆಗುವ ರೂಪ. ಮೂರನೆಯ ಕಾಲಂ ಅನ್ನು ಬಿಡುವವರೇ ಹೆಚ್ಚು, ಗೊಂದಲ ಹುಟ್ಟುವುದೂ ಅಲ್ಲೇ. ‘ಮೊಬೈಲ್’ ಬರೆಯಲು ಯಾರೂ ತಡವರಿಸುವುದಿಲ್ಲ, ‘ಮೊಬೈಲ್’ಗೆ ‘ಅಲ್ಲಿ’ ಸೇರಿಸುವಾಗ ಒಂದೇ ಪುಟದಲ್ಲಿ ಮೂರು ಬಗೆ ಬರುತ್ತದೆ.

ಇಂಗ್ಲಿಷ್ ಸಾಲು

ಕಂಪನಿಯ ಹೆಸರೋ ಟ್ರೇಡ್‌ಮಾರ್ಕೋ ಆಗಿದ್ದರೆ ಅದರ ಮಾಲೀಕರು ಬರೆದಂತೆಯೇ ಬರೆಯಬೇಕು, ಅಲ್ಲಿ ನಮ್ಮ ಅಭಿರುಚಿಗೆ ಜಾಗವಿಲ್ಲ. ವೈ-ಫೈ ಅನ್ನು ವೈ-ಫೈ ಅಲಯನ್ಸ್ ಬರೆಯುವುದು ಹೀಗೆ: ಡಬ್ಲ್ಯು ದೊಡ್ಡಕ್ಷರ, ಐ ಸಣ್ಣಕ್ಷರ, ಹೈಫನ್, ಎಫ್ ದೊಡ್ಡಕ್ಷರ, ಐ ಸಣ್ಣಕ್ಷರ. ಹೈಫನ್ ಬಿಡುವುದು, ಎಫ್ ಅನ್ನು ಸಣ್ಣದು ಮಾಡುವುದು ಎರಡೂ ರೂಢಿಯ ತಪ್ಪುಗಳು. ಬ್ಲೂಟೂತ್ ಒಂದೇ ಪದ, ಮೊದಲ ಬಿ ಮಾತ್ರ ದೊಡ್ಡದು. ಯೂಟ್ಯೂಬಿನಲ್ಲಿ ವೈ ಮತ್ತು ಟಿ ದೊಡ್ಡವು, ನಡುವೆ ಜಾಗ ಬಿಡಬಾರದು. ವಾಟ್ಸಾಪಿನಲ್ಲಿ ಡಬ್ಲ್ಯು ಮತ್ತು ಎ ದೊಡ್ಡವು, ಕೊನೆಯಲ್ಲಿ ಎ, ಪಿ, ಪಿ. ಅಲ್ಲಿ ‘ಯು, ಪಿ’ ಬರೆದ ಬೋರ್ಡುಗಳಿಗೆ ಕೊರತೆಯಿಲ್ಲ. ಫೋನ್‌ಪೇಯ ಕೊನೆಯಲ್ಲಿರುವುದು ಪಿ, ಇ ಎರಡೇ ಅಕ್ಷರ, ಹಣ ಕೊಡುವ ‘ಪೇ’ಯ ಇಂಗ್ಲಿಷ್ ಕಾಗುಣಿತ ಅಲ್ಲಿಲ್ಲ. ಎರಡು ಪಿಗಳೂ ದೊಡ್ಡವು. ಪೇಟಿಎಂನಲ್ಲಿ ಮೊದಲ ಪಿ ಒಂದೇ ದೊಡ್ಡದು.

ಸಾಮಾನ್ಯ ಪದಗಳಲ್ಲಿ ಕಾಲ ಹೋದಂತೆ ಹೈಫನ್ ಉದುರಿದೆ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಶೈಲಿ ಕೈಪಿಡಿಯಲ್ಲಿ 2010ರಲ್ಲಿ ವೆಬ್‌ಸೈಟನ್ನು ಸಣ್ಣಕ್ಷರದ ಒಂದೇ ಪದ ಮಾಡಿತು. 2011ರಲ್ಲಿ ಇಮೇಲಿನ ಹೈಫನ್ ತೆಗೆಯಿತು. 2016ರಲ್ಲಿ ಇಂಟರ್ನೆಟ್ಟಿನ ಐ ಅಕ್ಷರವನ್ನು ಸಣ್ಣದು ಮಾಡಿತು. ಈಗ ಇಮೇಲ್, ವೆಬ್‌ಸೈಟ್, ಆನ್‌ಲೈನ್, ಆಫ್‌ಲೈನ್, ಸ್ಮಾರ್ಟ್‌ಫೋನ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೈಫನ್ ಇಲ್ಲದೆ, ಜಾಗ ಬಿಡದೆ ಬರೆಯಬಹುದು. ಇ-ಕಾಮರ್ಸಿನಲ್ಲಿ ಮಾತ್ರ ಹೈಫನ್ ಇನ್ನೂ ಉಳಿದಿದೆ. ಟಿವಿಯ ಸೆಟ್-ಟಾಪ್ ಬಾಕ್ಸ್‌ನಲ್ಲಿ ಸೆಟ್ ಮತ್ತು ಟಾಪ್ ನಡುವೆ ಹೈಫನ್, ಬಾಕ್ಸ್ ಬೇರೆ. ಪೆನ್ ಡ್ರೈವ್ ಎರಡು ಪದ. ಹಾರ್ಡ್ ಡಿಸ್ಕಿನ ಕೊನೆಯ ಅಕ್ಷರ ಕೆ, ಕಾಂಪ್ಯಾಕ್ಟ್ ಡಿಸ್ಕಿನ ಕೊನೆಯ ಅಕ್ಷರ ಸಿ.

ಹೆಚ್ಚು ಜನ ಎಡವುವುದು ಕ್ರಿಯಾಪದ ಮತ್ತು ನಾಮಪದದ ವ್ಯತ್ಯಾಸದಲ್ಲಿ. ಲಾಗಿನ್, ಬ್ಯಾಕಪ್, ಸೆಟಪ್, ಪಿಕಪ್ ಇವೆಲ್ಲ ಹೆಸರಾಗಿ ಬಂದಾಗ ಇಂಗ್ಲಿಷಿನಲ್ಲಿ ಒಂದೇ ಪದ. ಕೆಲಸವಾಗಿ ಬಂದಾಗ ಎರಡು ಪದ. ಪರೀಕ್ಷೆ ಸುಲಭ: ಆ ಪದವನ್ನು ಭೂತಕಾಲಕ್ಕೆ ತಿರುಗಿಸಿ ನೋಡಿ. ‘ಲಾಗ್ಡ್ ಇನ್’ ಎಂದಾಗ ಇ, ಡಿ ಬಂದು ಲಾಗಿಗೆ ಅಂಟುತ್ತದೆ, ‘ಇನ್’ ಬೇರೆಯೇ ಉಳಿಯುತ್ತದೆ. ಅಂದರೆ ಅದು ಕ್ರಿಯಾಪದ, ನಡುವೆ ಜಾಗ ಬಿಡಿ. ‘ಪವರ್ ಬ್ಯಾಕಪ್’ ಎಂಬುದನ್ನು ಹಾಗೆ ತಿರುಗಿಸಲಾಗದು, ಅದು ಒಂದೇ ಪದ. ಹೋಂಸ್ಟೇಯವರಿಗೆ ದಿನವೂ ಬೇಕಾಗುವ ಚೆಕ್-ಇನ್ ಇದಕ್ಕೆ ಸ್ವಲ್ಪ ಹೊರತು: ಸಮಯದ ಹೆಸರಾಗಿ ಬರೆಯುವಾಗ ಹೈಫನ್ ಇರಲಿ, ‘ಹನ್ನೆರಡಕ್ಕೆ ಚೆಕ್ ಇನ್ ಮಾಡಿ’ ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಎರಡು ಪದ.

ಎರಡು ಪದ ಸೇರಿ ಮುಂದಿನ ಹೆಸರನ್ನು ಬಣ್ಣಿಸಿದರೆ ನಡುವೆ ಹೈಫನ್ ಬೇಕು, ಒಂಟಿಯಾಗಿ ನಿಂತರೆ ಬೇಡ. ನಮ್ಮ ಕಾಡಂಚಿನ ಊರುಗಳಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಆನೆಯ ಕೊರಳಿಗೆ ಹಾಕುವ ರೇಡಿಯೊ ಕಾಲರ್ ಎರಡು ಪದ, ಹೈಫನ್ ಇಲ್ಲ. ಆದರೆ ‘ರೇಡಿಯೊ-ಕಾಲರ್ಡ್ ಎಲಿಫೆಂಟ್’ ಎಂದು ಬರೆದಾಗ ಹೈಫನ್ ಕಡ್ಡಾಯ. ಅದೇ ರೀತಿ ಸೋಲಾರ್ ಫೆನ್ಸ್ ಎರಡು ಪದ, ‘ಸೋಲಾರ್-ಪವರ್ಡ್ ಫೆನ್ಸ್’ಗೆ ಹೈಫನ್. ‘24-ಅವರ್ ಹಾಟ್ ವಾಟರ್’ಗೆ ಹೈಫನ್, ‘ಹಾಟ್ ವಾಟರ್ 24 ಅವರ್ಸ್’ಗೆ ಬೇಡ. ಎಲ್, ವೈಯಿಂದ ಮುಗಿಯುವ ಕ್ರಿಯಾವಿಶೇಷಣಗಳ ನಂತರ ಹೈಫನ್ ಹಾಕುವಂತಿಲ್ಲ: ‘ನ್ಯೂಲಿ ಬಿಲ್ಟ್ ಕಾಟೇಜ್’ ಹಾಗೇ ಇರಲಿ.

ಇನ್ನು ಅಕ್ಷರ ತಪ್ಪುವ ಪದಗಳು. ಮಳೆ ಅಳೆಯುವ ರೈನ್ ಗೇಜ್ ಕಾಫಿ ತೋಟಗಳಲ್ಲಿ ಸಾಮಾನ್ಯ, ಆದರೂ ಅದರ ಕಾಗುಣಿತ ತಪ್ಪುವುದೂ ಅಷ್ಟೇ ಸಾಮಾನ್ಯ. ಗೇಜ್ ಎಂದರೆ ಜಿ, ಎ, ಯು, ಜಿ, ಇ. ಎ ಮೊದಲು, ಯು ಆಮೇಲೆ. ಇನ್ವರ್ಟರ್, ರೂಟರ್, ಚಾರ್ಜರ್, ಪ್ರಿಂಟರ್, ಸ್ಪ್ರಿಂಕ್ಲರ್ ಇವುಗಳ ಕೊನೆಯಲ್ಲಿ ಇ, ಆರ್. ಜನರೇಟರ್, ಪ್ರೊಜೆಕ್ಟರ್, ಕನೆಕ್ಟರ್, ಪ್ರೊಸೆಸರ್ ಇವುಗಳ ಕೊನೆಯಲ್ಲಿ ಒ, ಆರ್. ಅಡಾಪ್ಟರಿಗೆ ಎರಡೂ ನಡೆಯುತ್ತದೆ, ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ. ಆ್ಯಕ್ಸೆಸರೀಸಿನಲ್ಲಿ ಸಿ ಎರಡು, ಅದರ ನಂತರ ಎಸ್ ಎರಡು. ಮೊಬೈಲ್ ಅಂಗಡಿಯ ಬೋರ್ಡು ಬರೆಸುವವರು ಇದೊಂದನ್ನು ಬರೆದುಕೊಂಡೇ ಹೋಗುವುದು ಒಳ್ಳೆಯದು. ಪೆನ್ನು-ಪುಸ್ತಕದ ಸ್ಟೇಷನರಿಯಲ್ಲಿ ಕೊನೆಗೆ ಇ, ಆರ್, ವೈ. ಎ ಹಾಕಿದರೆ ‘ನಿಂತಲ್ಲೇ ನಿಂತದ್ದು’ ಎಂದಾಗುತ್ತದೆ. ನಾವು ಬ್ರಿಟಿಷ್ ಕಾಗುಣಿತ ಬಳಸುವವರು, ಸಮಾರಂಭದ ಪ್ರೋಗ್ರಾಮಿಗೆ ಕೊನೆಯಲ್ಲಿ ಎಂ ಎರಡು ಮತ್ತು ಇ ಬರುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿಗೆ ಮಾತ್ರ ಒಂದೇ ಎಂ, ಬ್ರಿಟನ್ನಿನಲ್ಲೂ ಹಾಗೆಯೇ.

ಕನ್ನಡ ಸಾಲು: ಕೂಡಿಸಬೇಕೇ, ಬಿಡಿಸಬೇಕೇ?

ಇಂಗ್ಲಿಷಿನಲ್ಲಿ ಹೈಫನ್ ಇದೆ ಎಂದು ಕನ್ನಡದಲ್ಲೂ ಹಾಕಬೇಕಿಲ್ಲ. ಇಲ್ಲಿ ನೋಡಬೇಕಾದ್ದು ಓದುವವನ ನಾಲಗೆ ಎಲ್ಲಿ ತಡೆಯುತ್ತದೆ ಎಂಬುದನ್ನು. ಎರಡನೆಯ ಭಾಗ ಸ್ವರದಿಂದ ಶುರುವಾದರೆ ಕನ್ನಡ ಸಂಧಿಯಂತೆ ಕೂಡಿಸಿಬಿಡಿ: ಲಾಗಿನ್, ಬ್ಯಾಕಪ್, ಪಿಕಪ್, ವಾಟ್ಸಾಪ್. ‘ವಾಟ್ಸ್ಆ್ಯಪ್’ ಎಂದು ಬರೆಯುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಬೋರ್ಡಿನ ಅಗಲ ಕಡಿಮೆ ಇದ್ದಾಗ, ಫಾಂಟ್ ಹಳೆಯದಾದಾಗ ‘ವಾಟ್ಸಾಪ್’ ಕೈಕೊಡುವುದಿಲ್ಲ. ‘ಚೆಕ್-ಇನ್’ ಮಾತ್ರ ಹೈಫನ್ ಸಹಿತ ಇರಲಿ. ‘ಚೆಕಿನ್’ ಎಂದರೆ ಅಡುಗೆಮನೆ ನೆನಪಾಗುವ ಅಪಾಯವಿದೆ.

ಎರಡನೆಯ ಭಾಗ ವ್ಯಂಜನದಿಂದ ಶುರುವಾದರೆ ಒಂದೇ ಪದವಾಗಿ, ಆದರೆ ಒತ್ತಕ್ಷರ ಆಗದಂತೆ ಬರೆಯಿರಿ: ವೆಬ್‌ಸೈಟ್, ಪಾಸ್‌ವರ್ಡ್, ಆನ್‌ಲೈನ್, ಡೌನ್‌ಲೋಡ್, ನೆಟ್‌ವರ್ಕ್, ಸಾಫ್ಟ್‌ವೇರ್. ಇದನ್ನು ಸಾಧಿಸುವುದು ಹೇಗೆಂದು ಮುಂದೆ ಹೇಳಿದೆ.

ಹೈಫನ್ ನಿಜಕ್ಕೂ ಬೇಕಾಗುವುದು ಒಂಟಿ ‘ಇ’ ಇರುವಲ್ಲಿ. ಇಮೇಲ್ ರೂಢಿಯಾಗಿ ಹೋಗಿದೆ, ಅದಕ್ಕೆ ಬೇಡ. ಆದರೆ ಇ-ಖಾತೆ, ಇ-ಸ್ವತ್ತು, ಇ-ಕೆವೈಸಿ, ಇ-ಹರಾಜು ಇವುಗಳ ಹೈಫನ್ ಕಿತ್ತರೆ ‘ಇಖಾತೆ’ ಎಂಬ ಅಪರಿಚಿತ ಪದ ಹುಟ್ಟುತ್ತದೆ. ಹೈಫನ್ನಿನ ಎಡಕ್ಕೂ ಬಲಕ್ಕೂ ಜಾಗ ಬಿಡಬೇಡಿ. ‘ಇ - ಖಾತೆ’ ಎಂದು ಬರೆದರೆ ಸಾಲಿನ ಕೊನೆಯಲ್ಲಿ ‘ಇ’ ಒಂದೇ ಉಳಿದು ‘ಖಾತೆ’ ಕೆಳಗಿಳಿಯುತ್ತದೆ. ವೈ-ಫೈ ಬಗ್ಗೆ ಪತ್ರಿಕೆಗಳಲ್ಲೂ ಎರಡು ಪಕ್ಷ ಇದೆ. ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ ಹೈಫನ್ ಇರುವುದರಿಂದ ಮೇಲಿನ ಕನ್ನಡ ಸಾಲಿನಲ್ಲೂ ಇದ್ದರೆ ಕಣ್ಣಿಗೆ ಹಿತ, ಅಷ್ಟೇ ಕಾರಣ.

ಹೋಂಸ್ಟೇಗೆ ಬಂದರೆ, ‘ಹೋಂಸ್ಟೇ’ ಎಂದು ಅನುಸ್ವಾರ ಹಾಕಿ ಕೂಡಿಸಿ ಬರೆಯುವುದೇ ವಾಸಿ. ಸಾಮಾನ್ಯವಾಗಿ ಪದದ ಕೊನೆಯ ಮಕಾರವನ್ನು ‘ಮ್’ ಎಂದೇ ಬರೆಯಬೇಕು: ರೂಮ್, ಸಿಮ್, ಜೂಮ್. ಪ್ರತ್ಯಯ ಬಂದಾಗ ರೂಮಿನಲ್ಲಿ, ಸಿಮ್ಮಿಗೆ ಎಂದು ಸರಾಗವಾಗಿ ಮುಂದುವರಿಯುತ್ತದೆ. ಹೋಂಸ್ಟೇಯಲ್ಲಿ ಮಕಾರ ನಡುವೆ ಸಿಕ್ಕಿಕೊಂಡಿದೆ, ಅದಕ್ಕೆ ಪ್ರತ್ಯಯ ತಾಗುವುದೇ ಇಲ್ಲ. ಜಾಗವೂ ಉಳಿಯುತ್ತದೆ. ಎಟಿಎಂ, ಎಸ್‌ಎಂಎಸ್ ಮುಂತಾದ ಸಂಕ್ಷಿಪ್ತ ರೂಪಗಳಲ್ಲಿ ಎಂ ಅಕ್ಷರಕ್ಕೆ ಅನುಸ್ವಾರವೇ ಇರಲಿ.

ಅಪ್ಲಿಕೇಶನ್-ಅಪ್ಲಿಕೇಷನ್, ವಿಡಿಯೊ-ವಿಡಿಯೋ, ಎಚ್-ಹೆಚ್ ಇವುಗಳ ಜಗಳದಲ್ಲಿ ಸಮಯ ಕಳೆಯಬೇಡಿ, ಒಂದನ್ನು ಆರಿಸಿ ಪದಪಟ್ಟಿಯಲ್ಲಿ ಬರೆದು ಮುಂದೆ ಹೋಗಿ. ಫ ಮತ್ತು ಜ ಅಕ್ಷರಗಳ ಕೆಳಗೆ ಚುಕ್ಕಿ ಹಾಕುವ ಪದ್ಧತಿ ಇದೆಯಾದರೂ ಬೋರ್ಡಿಗೆ ಅದು ಬೇಡ. ಎಷ್ಟೋ ಫಾಂಟುಗಳಲ್ಲಿ ಚುಕ್ಕಿ ಸರಿಯಾಗಿ ಕೂರುವುದಿಲ್ಲ, ದೂರದಿಂದ ಕೊಳೆಯಂತೆ ಕಾಣುತ್ತದೆ. ಅಂಕಿ ಸೇರಿದಾಗ 4ಜಿ, 5ಜಿ ಕೂಡಿಸಿ ಬರೆಯಿರಿ, 16 ಜಿಬಿ, 100 ಎಂಬಿಪಿಎಸ್ ಬಿಡಿಸಿ ಬರೆಯಿರಿ. ಮೊದಲನೆಯದು ಹೆಸರು, ಎರಡನೆಯದು ಅಳತೆ.

ಕಣ್ಣಿಗೆ ಕಾಣದ ಅಕ್ಷರ

ಇಡೀ ವಿಷಯದ ಜೀವ ಇಲ್ಲಿದೆ. ಯೂನಿಕೋಡ್ (ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ) ಕನ್ನಡದಲ್ಲಿ ಅರ್ಧ ವ್ಯಂಜನದ ನಂತರ ಇನ್ನೊಂದು ವ್ಯಂಜನ ಬಂದರೆ ಎರಡನೆಯದು ತಾನಾಗಿಯೇ ಒತ್ತಾಗುತ್ತದೆ. ‘ಅಕ್ಕ’, ‘ಹಬ್ಬ’ ಬರೆಯುವಾಗ ಇದು ವರ. ‘ವೆಬ್ಸೈಟ್’, ‘ಸಾಫ್ಟ್ವೇರ್’ ಬರೆಯುವಾಗ ಶಾಪ. ತಡೆಯಲು ಎರಡರ ನಡುವೆ ಜೀರೋ ವಿಡ್ತ್ ನಾನ್-ಜಾಯ್ನರ್ ಎಂಬ ಅಗಲವಿಲ್ಲದ, ಕಾಣದ ಅಕ್ಷರವನ್ನು ಇಡಬೇಕು. ಅದರ ಯೂನಿಕೋಡ್ ಸಂಖ್ಯೆ 200ಸಿ.

ಎಂಎಸ್ ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡರಲ್ಲೂ ಹಾಕುವ ದಾರಿ ಹೆಚ್ಚುಕಡಿಮೆ ಒಂದೇ. ‘ವೆಬ್’ ಟೈಪ್ ಮಾಡಿ ನಿಲ್ಲಿ. ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ, 200 ಒತ್ತಿ ಇಂಗ್ಲಿಷಿನ ಸಿ ಅಕ್ಷರ ಒತ್ತಿ, ಕೂಡಲೇ ಆಲ್ಟ್ ಹಿಡಿದು ಎಕ್ಸ್ ಒತ್ತಿ. ನಾಲ್ಕು ಅಕ್ಷರಗಳೂ ಮಾಯವಾಗುತ್ತವೆ, ಕಾಣದ ಅಕ್ಷರ ಕೂತಿರುತ್ತದೆ. ಮತ್ತೆ ಕನ್ನಡಕ್ಕೆ ಬಂದು ‘ಸೈಟ್’ ಟೈಪ್ ಮಾಡಿ. ವರ್ಡಿನಲ್ಲಿ ಇನ್ಸರ್ಟ್ ಮೆನುವಿನ ಸಿಂಬಲ್‌ಗೆ ಹೋಗಿ ಸ್ಪೆಷಲ್ ಕ್ಯಾರೆಕ್ಟರ್ಸ್ ಪಟ್ಟಿಯಲ್ಲಿ ‘ನೋ-ವಿಡ್ತ್ ಆಪ್ಶನಲ್ ಬ್ರೇಕ್’ ಆರಿಸಿದರೂ ಅದೇ ಅಕ್ಷರ ಬರುತ್ತದೆ. ಪ್ರತಿ ಸಲ ಈ ಪಾಡು ಬೇಡವೆಂದರೆ ಪದಪಟ್ಟಿಯ ಪದಗಳನ್ನು ಆಟೊಕರೆಕ್ಟಿಗೆ ಸೇರಿಸಿ: ಎಡಗಡೆ ‘ವೆಬ್ಸೈಟ್’, ಬಲಗಡೆ ‘ವೆಬ್‌ಸೈಟ್’. ಒಂದು ಮಧ್ಯಾಹ್ನದ ಕೆಲಸ, ಆಮೇಲೆ ನೆಮ್ಮದಿ.

ಫೋನಿನಲ್ಲಿ ಆ ಅಕ್ಷರಕ್ಕೆ ಕೀಲಿ ಹುಡುಕುತ್ತಾ ಕೂರುವ ಬದಲು, ಒಮ್ಮೆ ಸರಿಯಾಗಿ ಬಂದ ಪದವನ್ನು ಕಾಪಿ ಮಾಡಿ ಕೀಬೋರ್ಡ್ ಸೆಟ್ಟಿಂಗಿನ ಪರ್ಸನಲ್ ಡಿಕ್ಷನರಿಯಲ್ಲಿ ಶಾರ್ಟ್‌ಕಟ್ ಕೊಟ್ಟು ಇಟ್ಟುಕೊಳ್ಳಿ. ಸರಿಯಾಗಿ ಬಂದಿದೆಯೇ ಎಂದು ತಿಳಿಯುವ ಉಪಾಯ: ಪದದ ಮೇಲೆ ಬ್ಯಾಕ್‌ಸ್ಪೇಸ್ ಒತ್ತುತ್ತಾ ಬನ್ನಿ. ಒಂದು ಸಲ ಒತ್ತಿದಾಗ ಏನೂ ಅಳಿಯದಂತೆ ಕಂಡರೆ ಅಲ್ಲಿ ಕಾಣದ ಅಕ್ಷರ ಇದ್ದಿತ್ತು ಎಂದರ್ಥ.

ನಾನ್-ಜಾಯ್ನರ್ ಬದಲು ಸ್ಪೇಸ್ ಕೊಟ್ಟು ‘ವೆಬ್ ಸೈಟ್’ ಎಂದು ದಾಟಿಸುವವರಿದ್ದಾರೆ. ಒಂಟಿ ಪದಕ್ಕೆ ಅಷ್ಟೇನೂ ಹಾನಿಯಿಲ್ಲ. ಆದರೆ ಪ್ರತ್ಯಯಕ್ಕೆ ಹೀಗೆ ಮಾಡಿ ‘ಮೊಬೈಲ್ ನಲ್ಲಿ’ ಎಂದರೆ, ಸಾಲು ತುಂಬಿದಾಗ ‘ನಲ್ಲಿ’ ಮುಂದಿನ ಸಾಲಿನ ತಲೆಗೆ ಬಂದು ನೀರಿನ ನಲ್ಲಿಯಾಗಿ ನಿಲ್ಲುತ್ತದೆ. ಪಂಚಾಯಿತಿ ನೋಟಿಸಿನಲ್ಲಿ ಇದು ನಿಜಕ್ಕೂ ಗಲಿಬಿಲಿ ಮಾಡಬಲ್ಲದು.

ಸಂಕ್ಷಿಪ್ತ ರೂಪಗಳಿಗೆ ಈ ಅಕ್ಷರ ಇನ್ನೂ ಮುಖ್ಯ. ‘ಆರ್’ ನಂತರ ‘ಟಿ’ ಬಂದಾಗ ಅದು ಅರ್ಕಾವತ್ತಾಗಿ ‘ಆರ್ಟಿಸಿ’ ಎಂದಾಗುತ್ತದೆ, ಪಹಣಿಯ ಸುಳಿವೇ ಸಿಗುವುದಿಲ್ಲ. ಆರ್‌ಟಿಸಿ, ಜಿಎಸ್‌ಟಿ, ಐಎಫ್‌ಎಸ್‌ಸಿ, ಯುಎಸ್‌ಬಿ ಎಲ್ಲಕ್ಕೂ ಬೇಕು. ಚುಕ್ಕಿ ಹಾಕಿ ‘ಆರ್.ಟಿ.ಸಿ.’ ಎಂದು ಬರೆಯುವ ಹಳೆಯ ಪದ್ಧತಿಯೂ ಒಳ್ಳೆಯದೇ. ಕಾಣದ ಅಕ್ಷರವನ್ನು ನೆಚ್ಚಲಾಗದ ಕಡೆ ಅದೇ ಕ್ಷೇಮ. ಬಿಎಸ್‌ಎನ್‌ಎಲ್, ಎಫ್‌ಎಸ್‌ಎಸ್‌ಎಐ ಇವುಗಳಲ್ಲಿರುವಂತೆ ಸ್ವರದ ಮುಂದೆ ನಾನ್-ಜಾಯ್ನರ್ ಇಲ್ಲದಿದ್ದರೂ ನಡೆಯುತ್ತದೆ, ಸ್ವರ ಎಂದೂ ಒತ್ತಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತೊಂದರೆ ‘ರ‍್ಯಾ’ ಅಕ್ಷರದ್ದು. ದುಬಾರೆ, ಬರಪೊಳೆ ಕಡೆಯ ಬೋರ್ಡುಗಳಲ್ಲಿ ‘ರ್ಯಾಫ್ಟಿಂಗ್’ ಎಂದು ಅರ್ಕಾವತ್ತು ಹಾಕಿದ್ದನ್ನು ಕಾಣಬಹುದು. ಆಗ ಬರಹದಲ್ಲಿ ಯಕಾರ ಮೊದಲು ಬಂದು, ಅದನ್ನು ಕಾರ್ಯದ ‘ರ್ಯ’ದಂತೆ ಓದಬೇಕಾಗುತ್ತದೆ. ಕಾರಣ ಯೂನಿಕೋಡ್ ‘ರ್’ ನಂತರದ ವ್ಯಂಜನಕ್ಕೆ ಸದಾ ಅರ್ಕಾವತ್ತು ಕೊಡುತ್ತದೆ. ರಕಾರ ಪೂರ್ತಿಯಾಗಿ ನಿಂತು ಯ ಒತ್ತು ಬರಬೇಕಾದರೆ ಈ ಕ್ರಮದಲ್ಲಿ ಟೈಪ್ ಮಾಡಬೇಕು: ಮೊದಲು ರ, ಆಮೇಲೆ ಜಾಯ್ನರ್, ಆಮೇಲೆ ಹಲಂತ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ಆಮೇಲೆ ಯ, ಕೊನೆಗೆ ದೀರ್ಘ. ಜಾಯ್ನರ್ ಎಂದರೆ 200ಡಿ, ಹಾಕುವ ವಿಧಾನ ಮೊದಲಿನದೇ. ಹಲಂತದ ನಂತರ ಜಾಯ್ನರ್ ಇಟ್ಟರೆ ಕೆಲಸವಾಗದು, ರ ಮತ್ತು ಹಲಂತದ ನಡುವೆಯೇ ಬರಬೇಕು. ರ‍್ಯಾಂಕ್, ಕಂಪ್ಯೂಟರಿನ ರ‍್ಯಾಮ್, ರ‍್ಯಾಲಿ ಎಲ್ಲಕ್ಕೂ ಇದೇ ಮಂತ್ರ.

‘ಆ್ಯಪ್’ಗೆ ಜಾಯ್ನರ್ ಏನೂ ಬೇಡ: ಆ, ಹಲಂತ, ಯ, ಪ, ಹಲಂತ. ಕೆಲವು ಫಾಂಟುಗಳಲ್ಲಿ ನಡುವೆ ಚುಕ್ಕಿಗಳ ವೃತ್ತ ಕಾಣಿಸಿಕೊಳ್ಳುತ್ತದೆ. ಅದು ನಿಮ್ಮ ಟೈಪಿಂಗ್ ತಪ್ಪಲ್ಲ, ಸ್ವರಕ್ಕೆ ಒತ್ತು ಕೂರಿಸಲು ಫಾಂಟಿಗೆ ಬಾರದು. ಫಾಂಟ್ ಬದಲಿಸಿ, ಆಗದಿದ್ದರೆ ‘ಆಪ್’ ಎಂದು ಬರೆಯಿರಿ.

ಪ್ರತ್ಯಯ ಸೇರಿಸುವಾಗ

ನಾನ್-ಜಾಯ್ನರ್ ಕಲಿತವರು ಅದನ್ನೇ ಎಲ್ಲೆಲ್ಲೂ ಸುರಿಯುವುದುಂಟು: ಮೊಬೈಲ್‌ನಲ್ಲಿ, ಬ್ಯಾಂಕ್‌ಗೆ, ಕಂಪ್ಯೂಟರ್‌ನಿಂದ. ತಪ್ಪೇನೂ ಅಲ್ಲ. ಆದರೆ ನಾವು ಮಾತಾಡುವುದು ಹಾಗಲ್ಲ. ಬಾಯಲ್ಲಿ ಬರುವುದು ಮೊಬೈಲಿನಲ್ಲಿ, ಬ್ಯಾಂಕಿಗೆ, ಕಂಪ್ಯೂಟರಿನಿಂದ, ಲಿಂಕಿನ ಮೇಲೆ, ಮೀಟರಿಗೆ, ವೆಬ್‌ಸೈಟಿನಲ್ಲಿ. ಇ ಸೇರಿಸಿ ಬರೆದರೆ ಕಾಣದ ಅಕ್ಷರದ ಹಂಗೇ ಇಲ್ಲ, ಯಾವ ಫಾಂಟಿನಲ್ಲೂ ಕೆಡುವುದಿಲ್ಲ. ‘ಪಾಸ್‌ವರ್ಡ್ ಅನ್ನು’ ಎನ್ನುವ ಬದಲು ‘ಪಾಸ್‌ವರ್ಡನ್ನು’ ಎನ್ನಿ. ಚಿಕ್ಕ ಪದಗಳಲ್ಲಿ ಕೊನೆಯ ವ್ಯಂಜನದ ಹಿಂದಿನ ಸ್ವರ ಹ್ರಸ್ವವಾಗಿದ್ದರೆ ಆ ವ್ಯಂಜನ ಇಮ್ಮಡಿಯಾಗುತ್ತದೆ: ನೆಟ್ಟಿಗೆ, ಸಿಮ್ಮಿನಲ್ಲಿ. ದೀರ್ಘವಿದ್ದರೆ ಆಗುವುದಿಲ್ಲ: ಫೋನಿಗೆ, ಕಾರಿನಲ್ಲಿ. ಅರ್ಥ ಕೆಡುವ ಕಡೆ ಮಾತ್ರ ಹಿಂದೆ ಸರಿಯಿರಿ: ಎಲೆಕ್ಟ್ರಾನಿಕ್ ಚಿಪ್ಪನ್ನು ‘ಚಿಪ್ಪು’ ಎಂದರೆ ತೆಂಗಿನ ಚಿಪ್ಪು ಆಗುತ್ತದೆ, ಅಲ್ಲಿ ‘ಚಿಪ್’ ಎಂದೇ ಇರಲಿ.

ಬಹುವಚನಕ್ಕೆ ಇಂಗ್ಲಿಷಿನ ಎಸ್ ಎಳೆದು ತರಬೇಡಿ. ಮೊಬೈಲುಗಳು, ಆ್ಯಪ್‌ಗಳು, ಹೋಂಸ್ಟೇಗಳು. ಸ್ವರಾಂತ ಪದಗಳಿಗೆ ಯ ಅಥವಾ ವ ಬರುತ್ತದೆ: ಒಟಿಪಿಯನ್ನು, ವೈ-ಫೈಯನ್ನು, ವಿಡಿಯೊವನ್ನು. ಯುಪಿಐಗೆ ಪ್ರತ್ಯಯ ಹಚ್ಚಿದರೆ ಎಲ್ಲ ರೂಪವೂ ಒರಟು, ‘ಯುಪಿಐ ಮೂಲಕ’ ಎಂದು ಪಾರಾಗಿ.

ಸಾಲಿನ ಕೊನೆ

ಕನ್ನಡದಲ್ಲಿ ಉದ್ದ ಪದ ಸಾಲಿಗೆ ಹಿಡಿಸದಿದ್ದಾಗ ಹೈಫನ್ ಹಾಕಿ ಮುರಿಯಬೇಕಾದರೆ ಅಕ್ಷರದ ಗಡಿಯಲ್ಲಿ ಮುರಿಯಿರಿ, ಒತ್ತನ್ನು ಅದರ ಅಕ್ಷರದಿಂದ ಬೇರೆ ಮಾಡಬೇಡಿ. ಅರ್ಧ ವ್ಯಂಜನದಿಂದ ಹೊಸ ಸಾಲು ಶುರುವಾಗಬಾರದು. ‘ವೆಬ್-’ ಮೇಲೆ, ‘ಸೈಟ್’ ಕೆಳಗೆ ಸರಿ. ‘ವೆ-’ ಮೇಲೆ, ‘ಬ್‌ಸೈಟ್’ ಕೆಳಗೆ ಓದಲಾಗದು. ವರ್ಡಿನಲ್ಲಿ ಕಂಟ್ರೋಲ್ ಹಿಡಿದು ಹೈಫನ್ ಒತ್ತಿದರೆ ಐಚ್ಛಿಕ ಹೈಫನ್ ಬರುತ್ತದೆ, ಮುರಿಯಬೇಕಾದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಕೈಯಾರೆ ಮಾಮೂಲಿ ಹೈಫನ್ ಹಾಕಿ ಮುರಿದರೆ, ಮುಂದೆ ಪುಟದ ಅಳತೆ ಬದಲಾದಾಗ ಅದು ಸಾಲಿನ ನಡುವೆ ಉಳಿದುಬಿಡುತ್ತದೆ. ಹಳೆಯ ಸ್ಮರಣ ಸಂಚಿಕೆಗಳಲ್ಲಿ ಕಾಣುವ ‘ಕಾರ್ಯ-ಕ್ರಮ’ಗಳೆಲ್ಲ ಈ ಜಾತಿಯವು.

‘ವೈ-’ ಒಂದು ಸಾಲಿನಲ್ಲಿ, ‘ಫೈ’ ಇನ್ನೊಂದರಲ್ಲಿ ಆಗದಂತೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಹೈಫನ್ ಒತ್ತಿ. ಅದು ಮುರಿಯದ ಹೈಫನ್.

ಇಂಗ್ಲಿಷ್ ಪದ ಮುರಿಯುವ ನಿಯಮ ಇನ್ನೂ ತೊಡಕು. ಬ್ರಿಟಿಷರು ಪದದ ಮೂಲ ನೋಡಿ ಮುರಿದರೆ ಅಮೆರಿಕನ್ನರು ಉಚ್ಚಾರ ನೋಡಿ ಮುರಿಯುತ್ತಾರೆ. ಹಾಗಾಗಿ ‘ಫೋಟೊಗ್ರಫಿ’ ಒಂದೇ ಪದ ಎರಡು ನಿಘಂಟಿನಲ್ಲಿ ಎರಡು ಕಡೆ ಮುರಿಯುತ್ತದೆ. ಕರಪತ್ರಕ್ಕೆ ಸ್ವಯಂಚಾಲಿತ ಹೈಫನೇಶನ್ ಆಫ್ ಮಾಡಿ, ಎಡಕ್ಕೆ ಜೋಡಿಸಿ ಬಿಡಿ.

ವೆಬ್ ವಿಳಾಸ, ಇಮೇಲ್ ವಿಳಾಸ, ಯುಪಿಐ ಐಡಿಗಳಿಗೆ ಮಾತ್ರ ಕಟ್ಟುನಿಟ್ಟು: ಮುರಿಯಬೇಕಾದರೂ ಹೈಫನ್ ಹಾಕಬಾರದು. ಓದಿದವರು ಅದನ್ನೂ ಸೇರಿಸಿ ಟೈಪ್ ಮಾಡುತ್ತಾರೆ, ಪುಟ ತೆರೆಯುವುದಿಲ್ಲ, ಹಣ ಹೋಗುವುದಿಲ್ಲ. ಓರೆಗೆರೆಯ ನಂತರ ಅಥವಾ ಚುಕ್ಕಿಗೆ ಮೊದಲು ಮುರಿಯಿರಿ. ಅಡಿಗೆರೆ ಎಳೆಯಬೇಡಿ, ವಿಳಾಸದಲ್ಲಿ ಅಂಡರ್‌ಸ್ಕೋರ್ ಇದ್ದರೆ ಮುಚ್ಚಿಹೋಗುತ್ತದೆ. ಕೊನೆಗೆ ಪೂರ್ಣವಿರಾಮ ಬೇಡ.

ರೂಮಿನಲ್ಲಿ ಇಡುವ ವೈ-ಫೈ ಕಾರ್ಡಿಗೂ ಇದೇ ಎಚ್ಚರ. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ-ಸಣ್ಣಕ್ಷರ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ, ಕನಿಷ್ಠ 8 ಅಕ್ಷರ ಇರಬೇಕು. ಸೊನ್ನೆ ಮತ್ತು ಒ, ಒಂದು ಮತ್ತು ಸಣ್ಣ ಎಲ್ ಮತ್ತು ದೊಡ್ಡ ಐ ಒಂದೇ ರೀತಿ ಕಾಣುವ ಫಾಂಟಿನಲ್ಲಿ ಮುದ್ರಿಸಿದರೆ ರಾತ್ರಿ ಹತ್ತಕ್ಕೆ ಅತಿಥಿ ನಿಮ್ಮ ಬಾಗಿಲು ತಟ್ಟುವುದು ಖಚಿತ. ಆ ಅಕ್ಷರಗಳೇ ಇಲ್ಲದ ಪಾಸ್‌ವರ್ಡ್ ಇಟ್ಟರೆ ಇನ್ನೂ ಒಳ್ಳೆಯದು.

ಪ್ರೆಸ್ಸಿಗೆ, ಫ್ಲೆಕ್ಸ್ ಅಂಗಡಿಗೆ ಕೊಡುವಾಗ

ಅನೇಕ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟುಗಳು ನಡೆಯುತ್ತಿವೆ. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು. ನೀವು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಅವರು ಪರಿವರ್ತಕಕ್ಕೆ ಹಾಕಿದಾಗ ಕಾಣದ ಅಕ್ಷರ ಬಿದ್ದುಹೋಗಿ ‘ವೆಬ್‌ಸೈಟ್’ ಮತ್ತೆ ಒತ್ತಾಗಬಹುದು, ‘ರ‍್ಯಾಫ್ಟಿಂಗ್’ ಮತ್ತೆ ಅರ್ಕಾವತ್ತಾಗಬಹುದು. ಇಂಗ್ಲಿಷ್ ವಿಳಾಸಕ್ಕೂ ಅದೇ ನುಡಿ ಫಾಂಟ್ ತಾಗಿದರೆ ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿ ಬರುತ್ತದೆ. ಆದ್ದರಿಂದ ಪಠ್ಯದ ಜೊತೆಗೆ ಪಿಡಿಎಫ್ ಕಳಿಸಿ, ‘ಇದು ಹೀಗೇ ಕಾಣಬೇಕು’ ಎಂದು ಹೇಳಿ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಪ್ಯಾನಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ. ಕೋರೆಲ್‌ಡ್ರಾದಲ್ಲಿ ಅಂತಿಮ ಪ್ರೂಫ್ ಒಪ್ಪಿದ ಮೇಲೆ ಕಂಟ್ರೋಲ್ ಮತ್ತು ಕ್ಯು ಒತ್ತಿ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಬರಿಯ ಆಕೃತಿ) ಮಾಡಿಸಿ, ಬೇರೆ ಊರಿನ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಮೊದಲೇ ಕರ್ವ್ ಮಾಡಿಸಿದರೆ ತಿದ್ದಲು ಬರುವುದಿಲ್ಲ, ನೆನಪಿರಲಿ.

ವರ್ಡಿನಲ್ಲಿ ಸಾಲುಗಳ ಅಂತರ ‘ಎಕ್ಸಾಕ್ಟ್ಲಿ’ ಎಂದಿದ್ದರೆ ಒತ್ತುಗಳ ಬಾಲ ಕತ್ತರಿಸಿಹೋಗುತ್ತದೆ. ‘ಮಲ್ಟಿಪಲ್’ ಆರಿಸಿ 1.15 ಅಥವಾ ಹೆಚ್ಚು ಕೊಡಿ.

ಪ್ರೂಫ್ ಬಂದಾಗ ಮೊದಲು ನೋಡಬೇಕಾದ್ದು ವಾಕ್ಯಗಳನ್ನಲ್ಲ. ಫೋನ್ ಸಂಖ್ಯೆಗೆ ಕರೆ ಮಾಡಿ ನೋಡಿ, ವಿಳಾಸವನ್ನು ಪ್ರೂಫಿನಿಂದಲೇ ನೋಡಿ ಟೈಪ್ ಮಾಡಿ, ಕ್ಯುಆರ್ ಕೋಡನ್ನು ಕಾಗದದ ಮೇಲಿಂದಲೇ ಸ್ಕ್ಯಾನ್ ಮಾಡಿ. ಆಮೇಲೆ ಅರ್ಕಾವತ್ತುಗಳು, ಆಮೇಲೆ ಹೈಫನ್ನುಗಳು, ಕೊನೆಗೆ ಪದಪಟ್ಟಿಯೊಂದಿಗೆ ಹೋಲಿಕೆ. ಬೋರ್ಡು ಈಗಾಗಲೇ ಮೇಲೇರಿದ್ದು ತಪ್ಪು ಆಮೇಲೆ ಕಂಡರೆ, ವಿಳಾಸ ಮತ್ತು ಸಂಖ್ಯೆಯ ತಪ್ಪಿಗೆ ಅದೇ ಬಣ್ಣದ ವಿನೈಲ್ ಸ್ಟಿಕ್ಕರ್ ಕೂಡಲೇ ಅಂಟಿಸಿ. ಹೈಫನ್ನಿನ ತಪ್ಪು ಮುಂದಿನ ಮಳೆಗಾಲ ಮುಗಿಯುವವರೆಗೂ ಕಾಯಬಹುದು, ಆ ಹೊತ್ತಿಗೆ ಫ್ಲೆಕ್ಸನ್ನು ಹೇಗೂ ಬದಲಿಸಬೇಕಾಗುತ್ತದೆ.